ಗ್ಯಾರೇಜಿಗೊಂದು ತೆರೆಯದ ಕಿಟಕಿ

ನೀಶ್ ಪಟ್ಟಣದ ಕಿಟಕಿ ಅಂಗಡಿ, ಸುಡುಬೇಸಿಗೆಯ ಮಧ್ಯಾಹ್ನ. ಸಾಲಿನಲ್ಲಿ ನನ್ನ ಮುಂದಿದ್ದ ಮಿಲೆಂಕೊ ಮತ್ತು ಅವನ ಹೆಂಡತಿ ಸ್ಲಾವಿತ್ಸಾ ಗ್ಯಾರೇಜಿನ ಕಿಟಕಿಗಾಗಿ ಕಿತ್ತಾಡುತ್ತಿದ್ದರು.

"ತೆರೆಯೋಕೆ ಬರದೇ ಇರೋದೇ ಸಾಕು ಮಾರಾಯ. ಅಗ್ಗ, ಬಾಳಿಕೇನೂ ಬರುತ್ತೆ. ಕೀಲೇ ಇಲ್ಲ ಅಂದ್ಮೇಲೆ ಕೆಡೋದೇನಿದೆ?"

"ಅದಕ್ಕಿಂತ ಗೋಡೆ ಗಟ್ಟಿ ಕಣೇ. ಅದಂತೂ ಆಗ್ಲೇ ಇದೆ."

"ಅಮ್ಮ ಹೇಳಿದ್ದು ಕೇಳಿಸ್ಲಿಲ್ವಾ? ಗ್ಯಾರೇಜಿನ ಬಾಗಿಲ ಜೊತೆ ಕಿಟಕೀನೂ ತೆರೆದ್ರೆ ಎದುರುಗಾಳಿ ಹೊಡೆದು ಕತ್ತು ಹಿಡ್ಕೊಳ್ಳುತ್ತಂತೆ."

"ನಿಮ್ಮಮ್ಮ ಬಂದಾಗಿಂದ ಮನೇಲಿ ಒಂದು ಕಿಟಕೀನೂ ತೆರೆದಿಲ್ಲ. ಒಳಗೆ ಬೆಂದು ಹೋಗ್ತಿದೀವಿ. ಈಗ ಗ್ಯಾರೇಜೂ ಅವರದ್ದೇನಾ?"

"ಮೆಲ್ಲಗೆ ಮಾತಾಡು, ಜನ ನೋಡ್ತಿದಾರೆ."

"ನೋಡ್ಲಿ ಬಿಡು. ಅವರ ಮನೇಲೂ ಇಂಥ ಅಮ್ಮ ಇದ್ದೇ ಇರ್ತಾರೆ."

ಸಾಲಿನಲ್ಲಿ ಯಾರೂ ನಗಲಿಲ್ಲ. "ಯಾವುದು ಕೊಡ್ಲಿ?" ಅಂತ ಅಂಗಡಿಯವನು ಕೇಳಿದ. ಸ್ಲಾವಿತ್ಸಾ ಬೆವರಿಗೆ ಅಂಟಿದ ಅಂಗಿಯ ಕತ್ತನ್ನು ಎಳೆದು ಗಾಳಿ ಹಾಕಿಕೊಂಡಳು.

"ತೆರೆಯೋದನ್ನೇ ಕೊಡಿ" ಅಂದಳು.

ಕಿಟಕಿಯನ್ನು ಇಬ್ಬರೂ ಎತ್ತಿಕೊಂಡು ಹೊರಟರು. ಬಾಗಿಲ ಹತ್ತಿರ ಅವಳ ದನಿ ಕೇಳಿಸಿತು: "ಅದು ತೆರೆಯಲ್ಲ ಅಂತ ಅಮ್ಮನಿಗೆ ನಾನು ಹೇಳ್ತೀನಿ. ನೀನು ಗ್ಯಾರೇಜಲ್ಲಿ ಎರಡು ಕುರ್ಚಿ ಹಾಕು."