ಜನರಲ್ಲನ ಎಡಗಡೆ

ಮಧ್ಯಾಹ್ನವೇ ಹಿಡಿದ ಮಳೆಗೆ ಓಡರ್ ನದಿ ಉಕ್ಕಿ ಸೇತುವೆ ಮುಚ್ಚಿತ್ತು. ಅಂಚೆಬಂಡಿಯಿಂದ ಇಳಿದ ನಾವೆಲ್ಲ ಡೋರ್ಟೆ ಎಂಬಾಕೆಯ ಛತ್ರದ ಒಲೆಯ ಮುಂದೆ ಸೇರಿದ್ದೆವು. ಜಾಗ ಸಾಲದೆ ಮೂವರು ಗೋಡೆಗೆ ಒರಗಿ ನಿಂತಿದ್ದರು. ಗೋಡೆಯ ಮೇಲೆ ಜನರಲ್ ಫಾನ್ ಟ್ರೆಬ್ಬೆನೋನ ಚಿತ್ರವಿತ್ತು. ಎಂಥ ಶೂರ ಎಂದು ನಾನು ಸುಮ್ಮನೆ ಅಂದೆ. ಆ ಜನರಲ್ಲನ ಕುದುರೆಗಳನ್ನು ನೋಡಿಕೊಂಡಿದ್ದ ರಾಷ್ಕೆ ಅಜ್ಜ ಬೆಂಚಿನಿಂದಲೇ ನನ್ನನ್ನು ದಿಟ್ಟಿಸಿದ.

"ನಿನ್ನನ್ನ ಯಾರು ಕಳಿಸಿದ್ದು?"

"ಯಾರೂ ಇಲ್ಲ ಅಜ್ಜ."

"ಎಲ್ಲರೂ ಹಂಗೇ ಅಂತಾರೆ," ಎಂದು ಗೊಣಗಿ, ಬಾಗಿಲ ಕಡೆ ಒಮ್ಮೆ ನೋಡಿ, ಶುರುಮಾಡಿದ.

"ಕೇಳಿ ಹಂಗಾದ್ರೆ... ನಮ್ಮ ರಾವುತರ ದಂಡಲ್ಲಿ ಕಹಳೆಯವನಿಗೆ ಬೂದು ಕುದುರೆ, ಅವನ ಜಾಗ ದಣಿಗಳ, ಅಂದ್ರೆ ಈ ಚಿತ್ರದಲ್ಲಿರೋರ, ಎಡಗಡೆ. ನಮ್ಮ ಕಹಳೆಯವನು ಎವಾಲ್ಡ್, ನಗುಮುಖದ ಹುಡುಗ, ನನ್ನ ತಂಬಾಕು ಕದ್ದು ನನಗೇ ಕೊಡ್ತಿದ್ದ. ಆವತ್ತು ನಮ್ಮೋರಲ್ಲಿ ಅರ್ಧ ಜನ ಹೊಳೆ ನಡುವೆ ಇದ್ದಾಗ ಎದುರಿಂದ ಗುಂಡು ಬಂತು, ದಣಿ ಮುಖ ಸುಣ್ಣ ಆಯ್ತು, 'ಹಿಂದಕ್ಕೆ ಊದೋ' ಅಂದ್ರು. ಲಗಾಮು ಹಿಡ್ಕೊಂಡಿದ್ದ ನಾನು ನನ್ನ ಕಿವಿಯಾರೆ ಕೇಳ್ದೆ. ಎವಾಲ್ಡ್ ಊದಿದ, ಕುದುರೆಗಳು ನೀರಲ್ಲೇ ತಿರುಗಿದ್ವು, ಒಂದರ ಮೇಲೊಂದು ಬಿದ್ದು ಎಷ್ಟೋ ಜನ ಮುಳುಗಿದ್ರು... ವಿಚಾರಣೆಲಿ ದಣಿ ಏನಂದ್ರು ಗೊತ್ತಾ? ಹುಡುಗ ಹೆದರಿ ತಾನಾಗೇ ಊದಿದ ಅಂತ. ನನ್ನನ್ನೂ ಕೇಳಿದ್ರು. ನಾನು... ಏನೂ ಕೇಳಿಸ್ಲಿಲ್ಲ ಅಂದೆ. ಅವನು ನನ್ನನ್ನೇ ನೋಡ್ತಿದ್ದ. ಅವನನ್ನ ಬೇಲಿ ಹತ್ರ ನಿಲ್ಸಿ ಗುಂಡು ಹೊಡೆದ್ರು.

ದಣಿ ಜನರಲ್ ಆದ್ರು, ಆಮೇಲೆ ಅರಮನೆ ಲಾಯಗಳಿಗೆಲ್ಲ ಮುಖ್ಯಾಧಿಕಾರಿ ಆದ್ರು. ಮೊದಲ ಹುಕುಂ ಏನು? ಲಾಯದಲ್ಲಿ ಬೂದು ಕುದುರೆ ಇರಕೂಡದು. ಸರಿ, ಇರ್ಲಿಲ್ಲ. ಆದ್ರೆ ದಣಿ ಏರಿದ ಕುದುರೆ ಎಷ್ಟೇ ಇಕ್ಕಟ್ಟಿನ ಬೀದೀಲೂ ಬಲಕ್ಕೇ ಒತ್ತಿ ನಡೀತಿತ್ತು, ಎಡಗಡೆ ಸರಿಯಾಗಿ ಒಂದು ಕುದುರೆಯಷ್ಟು ಜಾಗ ಬಿಟ್ಟು. 'ನೀನೇ ಕಲಿಸಿದ್ದೀಯ, ರಾಷ್ಕೆ' ಅಂದ್ರು. ನನ್ನ ಹಿಂದೆ ಆಳು ಬಿಟ್ರು, ಕುದುರೆ ಬದಲಾಯಿಸಿದ್ರು. ಯುದ್ಧವನ್ನೇ ಕಾಣದ ಹೊಸ ಕುದುರೆಗಳು, ಅವೂ ಹಂಗೇ. ನನಗೂ ಅನುಮಾನ, ದಣಿ ನಾಟಕ ಆಡ್ತಾ ನನ್ನ ಬಾಯಿ ಪರೀಕ್ಷೆ ಮಾಡ್ತಿದ್ದಾರಾ ಅಂತ.

ಕೊನೆಗೆ ರಾಜರ ಮೆರವಣಿಗೆ ದಿನ, ಹಾಡಹಗಲು, ಅರಮನೆ ಹೆಬ್ಬಾಗಿಲಲ್ಲಿ ಕುದುರೆ ಎಡಕ್ಕೆ ಜಾಗ ಬಿಟ್ಟು ಬಲಗಡೆ ಕಲ್ಲುಕಂಬಕ್ಕೇ ಒತ್ತಿತು. ನಾನು ಲಗಾಮು ಹಿಡಿದು ಜಗ್ಗಿದೆ, ಜಗ್ಗಲಿಲ್ಲ. ದಣಿ ಕಾಲು ನುಜ್ಜುಗುಜ್ಜಾಯ್ತು, ನಂಜೇರಿ ಆರನೇ ದಿನ ಸತ್ರು. ಸಾಯೋವಾಗ ನನ್ನ ತೋಳು ಹಿಡ್ಕೊಂಡು 'ಇನ್ಮೇಲೆ ಅವನು ನಿನ್ನವನು' ಅಂದ್ರು."

ಅಜ್ಜ ಲೋಟ ಕೆಳಗಿಟ್ಟ.

"ಆಗಲೂ ನಾನು ಬಾಯಿಬಿಡ್ಲಿಲ್ಲ. ನಮ್ಮೂರ ಇಗರ್ಜಿ ಹಲಗೆ ಮೇಲೆ ಯುದ್ಧದಲ್ಲಿ ಸತ್ತೋರೆಲ್ಲರ ಹೆಸರಿದೆ, ಎವಾಲ್ಡನದಿಲ್ಲ. ಹೇಡಿ ಮಗನ ತಾಯಿ ಅನ್ನಿಸ್ಕೊಂಡೇ ಅವನಮ್ಮ ಹೋದ್ಲು. ಆ ಪಾಪ ನಂದು. ದಣಿ ಹೋದಾಗಿಂದ ನಾನು ಎಲ್ಲಿ ಕೂತ್ರೂ ನನ್ನ ಎಡಗಡೆ ಯಾರೂ ಕೂರಲ್ಲ. ನಾಲ್ಕು ಜನದ ಮುಂದೆ ನಿಜ ಹೇಳಿದ್ರೆ ಅವನು ಬಿಟ್ಟು ಹೋಗ್ತಾನೇನೋ ಅಂತ ಇವತ್ತು ಹೇಳಿದೆ... ಹೇಳಿಯಾಯ್ತಲ್ಲ. ಅಲ್ಲಿ ನಿಂತಿರೋರು ಬನ್ನಿ, ನನ್ನ ಎಡಗಡೆ ಬೆಂಚು ಖಾಲಿ ಇದೆ, ಕೂತ್ಕೊಳ್ಳಿ... ಯಾಕೆ? ಯಾಕೆ ಒಬ್ಬರೂ ಬರ್ತಿಲ್ಲ?"