ಮೈಲಾರಪ್ಪನವರು ಸುಮ್ಮನೆ ನಿಂತ ಮಧ್ಯಾಹ್ನ

ಈ ಶ್ರದ್ಧಾಂಜಲಿ ಸಭೆಗೆ ಬಂದಿರುವ ಹಿರಿಯರೇ, ದುರ್ಗದಬೈಲಿನ ವ್ಯಾಪಾರಸ್ಥ ಬಂಧುಗಳೇ, ಅಕ್ಕತಂಗಿಯರೇ — ಮುಂದೆ ಕುಳಿತಿರುವ ಡಾಕ್ಟರರ ಧರ್ಮಪತ್ನಿ, ತಾಯಿ ರತ್ನವ್ವನವರೇ, ನಿಮ್ಮೆಲ್ಲರಿಗೂ ನಮಸ್ಕಾರ.

ನಮ್ಮ ಡಾಕ್ಟರ್ ಮೈಲಾರಪ್ಪನವರಿಗೆ ಭಾಷಣ ಅಂದರೆ ಆಗುತ್ತಿರಲಿಲ್ಲ. ಈಗ ಇದ್ದಿದ್ದರೆ, "ಲಗೂ ಮುಗಸ್ರಿ, ಪೇಶಂಟ್ ಕಾಯಾಕತ್ತಾರ" ಅನ್ನುತ್ತಿದ್ದರು. ಆದರೂ ಒಂದು ಸಂಗತಿ ಹೇಳದೆ ನಾನು ಕೆಳಗಿಳಿಯಲಾರೆ.

ಎರಡನೇ ಮಹಾಯುದ್ಧ ಶುರುವಾದ ವರ್ಷ, ಒಂದು ಮಧ್ಯಾಹ್ನ. ಸುಳ್ಳ ಗ್ರಾಮದ ಹನುಮಂತಪ್ಪ ತನ್ನ ಹೆಂಡತಿ ಬೀರವ್ವನನ್ನು ಎತ್ತಿನ ಚಕ್ಕಡಿಯಲ್ಲಿ ಮಲಗಿಸಿಕೊಂಡು ನಮ್ಮ ಆಸ್ಪತ್ರೆಗೆ ಬಂದ. ಎಡಪಕ್ಕೆ ಉಬ್ಬಿತ್ತು. ಮುಖ ಬಿಳಚಿಕೊಂಡಿತ್ತು. ನಾಡಿ — ಹೀಗೆ ಒತ್ತಿ ಹಿಡಿದರೂ ಸಿಗುತ್ತಿರಲಿಲ್ಲ. ಒಳಗೆ ರಕ್ತ ಸೋರುತ್ತಿತ್ತು. ರಕ್ತ ಏರಿಸುವ ಅನುಕೂಲ ನಮ್ಮಲ್ಲಿರಲಿಲ್ಲ; ನರಕ್ಕೆ ಉಪ್ಪುನೀರು ಬಿಟ್ಟು ಟೇಬಲ್ಲಿಗೆ ಒಯ್ದೆವು. ಅವರ ಕೈಕೆಳಗಿನ ಡಾಕ್ಟರಾಗಿದ್ದ ನಾನು ತಲೆಯ ಕಡೆ ಕುಳಿತು ಪ್ರಜ್ಞೆ ತಪ್ಪಿಸುವ ಈಥರ್ ಕೊಡುತ್ತಿದ್ದೆ.

ಹೊಟ್ಟೆ ತೆರೆದರೆ — ಎಡ ಮೂತ್ರಪಿಂಡದ ಮೇಲೆ ಕೊಬ್ಬಿನಂಥ ಮೆತ್ತನೆಯ ಗಡ್ಡೆ. ಕೆಟ್ಟ ಜಾತಿಯದಲ್ಲ, ಆದರೆ ಒಡೆದಿತ್ತು. ಆಗೆಲ್ಲ ಇಂಥ ಹೊತ್ತಿನಲ್ಲಿ ಮೂತ್ರಪಿಂಡವನ್ನೇ ತೆಗೆದುಹಾಕುವುದು ರೂಢಿ. "ತಗದಬಿಡ್ರಿ ಸರ್, ಜೀವ ಹೊಂಟೈತಿ" ಅಂದೆ.

ಅವರು ಒಂದು ಕೈಯಿಂದ ಗಡ್ಡೆ ಒತ್ತಿ ಹಿಡಿದು ಇನ್ನೊಂದು ಕೈಯನ್ನು ಬಲಗಡೆಗೆ ಹಾಕಿದರು. ಎಷ್ಟೇ ಅವಸರವಿರಲಿ, ಒಂದನ್ನು ತೆಗೆಯುವ ಮೊದಲು ಇನ್ನೊಂದನ್ನು ಮುಟ್ಟಿ ನೋಡಬೇಕು — ಅದು ಅವರ ಪದ್ಧತಿ. ಮುಟ್ಟಿದರು. "ಡಾಕ್ಟ್ರ, ಈ ಕಡೇದು ಒಣಗಿದ ಲಿಂಬಿಕಾಯಿ ಆಗೇತಿ. ಆಕಿಗೆ ಇರೋದು ಇದೊಂದ" ಅಂದರು.

ತೆಗೆದರೆ ಕೆಲವು ದಿನಗಳಲ್ಲಿ ಸಾವು. ಬಿಟ್ಟರೆ ಅಲ್ಲೇ ಸಾವು. ಬಿಸಿ ಉಪ್ಪುನೀರಲ್ಲಿ ಅದ್ದಿದ ಬಟ್ಟೆಯನ್ನು ಗಡ್ಡೆ ಒಡೆದಲ್ಲಿ ಇಟ್ಟು, ಅದರ ಮೇಲೆ ಅಂಗೈ ಒತ್ತಿ ನಿಂತುಬಿಟ್ಟರು. "ಯಾರೂ ಮಾತಾಡಬ್ಯಾಡ್ರಿ. ಸುಮ್ಮನ ನಿಂದರ್ರಿ."

ನಿಂತೆವು. ಗಡಿಯಾರದ ಮುಳ್ಳು ಸರಿಯಿತು — ಅವರ ಕೈ ಮಾತ್ರ ಸರಿಯಲಿಲ್ಲ. ಖರೇ ಹೇಳ್ತೇನ್ರಿ, ನನಗೆ ಬಹಳ ಭಯವಾಗಿತ್ತು. ಆಮೇಲೆ ಮೆಲ್ಲಗೆ — ಬಹಳ ಮೆಲ್ಲಗೆ — ನಾಡಿ ನನ್ನ ಬೆರಳಿಗೆ ಬಂತು. ಸೋರುವುದು ಹಿಡಿತಕ್ಕೆ ಬಂದಾಗ ಗಡ್ಡೆಯನ್ನಷ್ಟೇ ಕತ್ತರಿಸಿ, ಮೂತ್ರಪಿಂಡಕ್ಕೆ ಹೊಲಿಗೆ ಹಾಕಿ ಉಳಿಸಿಕೊಂಡರು.

ಹೊರಗೆ ಹನುಮಂತಪ್ಪ ಕಾಲು ಹಿಡಿಯಲು ಬಂದ. "ಇಷ್ಟೊತ್ತು ಒಳಗ ಏನ ಮಾಡಿದ್ರಿ ಸಾಹೇಬ್ರ?"

"ಏನೂ ಮಾಡ್ಲಿಲ್ಲೋ ತಮ್ಮಾ. ಸುಮ್ಮನ ನಿಂತಿದ್ವಿ" ಅಂದರು ಮೈಲಾರಪ್ಪನವರು.

ಆ ಬೀರವ್ವ ಇಲ್ಲೇ ಇದ್ದಾಳೆ — ರತ್ನವ್ವನವರ ಕೈ ಹಿಡಿದುಕೊಂಡು ಕುಳಿತಿದ್ದಾಳಲ್ಲ, ಆಕೆಯೇ. ಇವತ್ತೂ ಸುಳ್ಳದಿಂದ ಚಕ್ಕಡಿಯಲ್ಲೇ ಬಂದಳು. ಬೀರವ್ವಾ, ಅಳಬ್ಯಾಡವ್ವಾ. ಏಳು, ತಾಯಿಯವರನ್ನೂ ಎಬ್ಬಿಸು.

ಎಲ್ಲರೂ ದಯವಿಟ್ಟು ಏಳಬೇಕು. ಅವರು ಅವತ್ತು ನಿಂತ ಹಾಗೆ — ಸ್ವಲ್ಪ ಹೊತ್ತು, ಸುಮ್ಮನ ನಿಂದರೋಣ್ರಿ.