ಮಷೀನಿನ ಪಕ್ಕ ಕಲಿತ ಮಾತು

ಬಸ್ಸಿಗೆ ಕಾಯುತ್ತಿದ್ದ ದರ್ಜಿಗೆ ಮುಂದೆ ನಿಂತಿದ್ದ ಅಕ್ಕ-ತಮ್ಮನ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು.

“ವಿಚಾರಣೇಲಿ ಬಾಯಿಗೆ ಬೀಗ ಬಿದ್ದಿತ್ತೇನೋ? ನಿಮ್ಮ ಭಾವನ ಕೈ ಹೋಗಿದ್ದನ್ನ ಕಣ್ಣಾರೆ ಕಂಡವನು ನೀನೊಬ್ನೇ.”

“ತಿಂಗಳಿಂದ ಬಾಯಿಪಾಠ ಮಾಡಿದ್ದೆ ಅಕ್ಕಾ. ಕಾರ್ಖಾನೇಲಿ ಮಷೀನ್ ಪಕ್ಕ ನಿಂತು, ಆ ಸದ್ದಲ್ಲೇ ಕೂಗಿ ಕೂಗಿ.”

“ಮತ್ತೆ?”

“ವಿಚಾರಣೆ ಕೋಣೇಲಿ ಒಂಚೂರೂ ಸದ್ದಿರ್ಲಿಲ್ಲ. ನನ್ನ ದನಿ ನನಗೇ ಕೇಳಿಸ್ತು. ಮುಂದಿನ ಮಾತೇ ಹೊರಡ್ಲಿಲ್ಲ.”

“ಇನ್ನೊಂದ್ಸಲ ಕರೀತಾರಾ?”

“ಇಲ್ಲ. ಸಾಕ್ಷಿ ಏನೂ ಹೇಳ್ಲಿಲ್ಲ ಅಂತ ಬರ್ಕೊಂಡು ಮುಗಿಸಿಬಿಟ್ರು.”

“ಮನೇಲಿ ಅವರಿಗೆ ಏನಂತ ಹೇಳ್ಲೋ?”

ಅಷ್ಟರಲ್ಲಿ ಬಸ್ಸು ಕಿವಿ ಕಿತ್ತುಹೋಗುವಂತೆ ಗಡಗಡಿಸುತ್ತ ಬಂದು ನಿಂತಿತು. ಆ ಸದ್ದಿಗೆ ತಮ್ಮನ ಬಾಯಿ ತೆರೆಯಿತು.

“ಸ್ವಾಮಿ, ಮಷೀನಿಗೆ ಮುಚ್ಚಳ ಇರ್ಲಿಲ್ಲ. ಹಾಕ್ಸಿ ಅಂತ ನಮ್ಮ ಭಾವ ಮೂರು ಸಲ ಕೇಳಿದ್ರು…”

ಎಲ್ಲೂ ತಡವರಿಸದೆ ಹೇಳುತ್ತಲೇ ಅವನು ಅಕ್ಕನ ಹಿಂದೆ ಬಸ್ಸು ಹತ್ತಿದ.